ಅಳು ನಿಂತ ಕೋಣೆ

ಮಾರ್ಚ್ 3, ಸೋಮವಾರ

ನಾನು ಹೊಲಿಯುತ್ತಿದ್ದ ಅಂಗಡಿ ಮುಚ್ಚಿದ ಮೇಲೆ ಅಳತೆ ಬರೆಯುವ ಈ ಪುಸ್ತಕ ಅರ್ಧ ಖಾಲಿ ಉಳಿದುಬಿಟ್ಟಿತ್ತು. ಯಾರ್ಯಾರದೋ ಸೊಂಟದ ಸುತ್ತಳತೆ ಮುಗಿದಲ್ಲಿಂದ ಮುಂದಕ್ಕೆ ನನ್ನ ಸಮಾಚಾರ. ಯಾರಿಗೂ ತೋರಿಸುವುದಕ್ಕಲ್ಲ. ಮನೆಯವರಿಗಂತೂ ಅಲ್ಲವೇ ಅಲ್ಲ.

ಇವತ್ತು ಶಿಶುಗೃಹದಲ್ಲಿ ಮೊದಲ ದಿನ. ಹೆತ್ತವರು ಇಲ್ಲದ, ಇದ್ದರೂ ಬಿಟ್ಟುಹೋದ ಕೂಸುಗಳನ್ನು ಯಾರಾದರೂ ದತ್ತು ತೆಗೆದುಕೊಳ್ಳುವ ತನಕ ಸಾಕುವ ಜಾಗ. ಉದ್ದನೆಯ ಕೋಣೆ, ತಿಳಿಹಸಿರು ಗೋಡೆ, ಎರಡು ಸಾಲಿನಲ್ಲಿ ಹದಿನಾಲ್ಕು ಕಂಬಿ ತೊಟ್ಟಿಲು. ಹಗಲು ಪಾಳಿಗೆ ನಾವು ಮೂವರು. ಅದರಲ್ಲಿ ಒಬ್ಬಳು ಇಡೀ ದಿನ ಬಟ್ಟೆ ಒಗೆಯುವುದರಲ್ಲೇ ಇರುತ್ತಾಳೆ. ಅಲ್ಲಿಗೆ ಹದಿನಾಲ್ಕು ಬಾಯಿಗೆ ನಾಲ್ಕು ಕೈ. ಬಾಟಲಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಬಾಯಿಗೆ ಆನಿಸಿಬಿಟ್ಟರೆ ಕೂಸು ಮಲಗಿದ ಹಾಗೇ ಕುಡಿದುಕೊಳ್ಳುತ್ತದೆ. ನನಗದು ಗೊತ್ತಿರಲಿಲ್ಲ. ಒಂದೊಂದನ್ನೇ ತೊಡೆ ಮೇಲೆ ಹಾಕಿಕೊಂಡು ಕುಡಿಸುತ್ತಾ ಕೂತೆ. ಮೂರನೆಯದು ಮುಗಿಯುವಷ್ಟರಲ್ಲಿ ಮಿಕ್ಕವು ಅತ್ತು ಅತ್ತು ಸೂರು ಹಾರಿಸಿದ್ದವು.

ಒಂಬತ್ತನೇ ತೊಟ್ಟಿಲಿನವಳಿಗೆ ಎಂಟು ತಿಂಗಳು. ತಾಯಿ ತೀರಿಕೊಂಡು ಇಲ್ಲಿಗೆ ಬಂದು ಮೂರು ವಾರವಾಗಿದೆಯಂತೆ. ಶಿಶುಗೃಹದ ದಾಖಲೆಯಲ್ಲಿ ಚೆಂದದ ಹೆಸರೇ ಇದೆ, ಯಾರೂ ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಪೀಪಿ. ಅವಳು ಅತ್ತರೆ ಬೀದಿಯ ಆ ತುದಿಗೆ ಕೇಳಬೇಕು. ಎತ್ತಿಕೊಂಡೆ. ಟಪ್ಪನೆ ನಿಲ್ಲಿಸಿ, ನನ್ನ ಮೂಗು ಹಿಡಿದು ಜಗ್ಗಿ, ಇದೆಂಥ ಮೂಗು ಅನ್ನುವ ಹಾಗೆ ನೋಡಿದಳು. ನಗು ತಡೆಯಲಾಗಲಿಲ್ಲ.

ಬಾಗಿಲ ಹತ್ತಿರದ ನಾಲ್ಕು ಕೂಸುಗಳು ಮಾತ್ರ ಅಳುವುದೇ ಇಲ್ಲ. ಕಣ್ಣ ಮುಂದೆ ಕೈ ಹಿಡಿದು ತಮ್ಮ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಮಲಗಿರುತ್ತವೆ. ಅವನ್ನು ನೋಡಿ ಯಾಕೋ ಎದೆ ಝಲ್ಲೆಂದಿತು.

ಮಾರ್ಚ್ 5, ಬುಧವಾರ

ನನ್ನ ಜೊತೆ ಇರುವವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಇದೇ ಕೋಣೆ. ನಾನು ಪೀಪಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನ್ಯಾಪಿ ಮಡಚುತ್ತಿದ್ದಾಗ ಹತ್ತಿರ ಬಂದು, ಬೈಯುವ ದನಿಯಲ್ಲೇನೂ ಅಲ್ಲ, ಮೆತ್ತಗೆ ಹೇಳಿದರು.

"ನೋಡಮ್ಮ, ನೀನು ಐದು ಗಂಟೆಗೆ ಮನೆಗೆ ಹೋಗ್ತೀಯ. ಆಮೇಲೆ ಇವಳು ಯಾರನ್ನ ಹುಡುಕ್ಬೇಕು?"

"ಅಳ್ತಾ ಇದ್ಲು ದೊಡ್ಡಮ್ಮ."

"ಒಬ್ಬಳನ್ನ ಎತ್ಕೊಂಡ್ರೆ ಮಿಕ್ಕ ಹದಿಮೂರೂ ಕೈ ಮೇಲೆತ್ತುತ್ವೆ. ಯಾವುದಕ್ಕೆ ಇಲ್ಲ ಅಂತೀಯ? ಕೈಗೆ ಅಭ್ಯಾಸ ಮಾಡ್ಸೋದು ಸುಲಭ, ಬಿಡ್ಸೋದು ಪಾಪದ ಕೆಲಸ. ಅದಕ್ಕೆ ಮೊದ್ಲೇ ಮಾಡ್ಸಬಾರದು."

ಪೀಪಿಯನ್ನು ತೊಟ್ಟಿಲಿಗೆ ಒಯ್ದೆ. ಕೆಳಗೆ ಮಲಗಿಸಿದೆ. ಕಿರುಚಾಟಕ್ಕೆ ಅವಳ ಅಂಗಾಲು ಸಹ ಕೆಂಪಗಾಗಿತ್ತು. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ನಮ್ಮವರು ಮನೆ ಮುಂದಿನ ತಮ್ಮ ಸೈಕಲ್ ರಿಪೇರಿ ಅಂಗಡಿಯಲ್ಲಿ ಚಕ್ರ ತಿರುಗಿಸುತ್ತಾ ಕೂತಿದ್ದವರು, "ಏನೇ, ಮೊದಲ ವಾರಕ್ಕೇ ಮುಖ ಹರಳೆಣ್ಣೆ ಕುಡಿದ ಹಾಗಾಗಿದೆ" ಅಂದರು. ನಾಲ್ಕು ವರ್ಷದ ನಮ್ಮ ಮಗಳು ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು. ಮಲಗುವ ತನಕ ಇಳಿಸಲಿಲ್ಲ ಅವಳನ್ನು.

ಮಾರ್ಚ್ 14, ಶುಕ್ರವಾರ

ಇವತ್ತು ಗಂಡ ಹೆಂಡತಿ ಮಗು ನೋಡಲು ಬಂದಿದ್ದರು. ಮದುವೆಯಾಗಿ ಹನ್ನೊಂದು ವರ್ಷವಂತೆ. ಆ ಹೆಂಗಸು ಹೊಸ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ದೇವರ ಮನೆಗೆ ಬಂದ ಹಾಗೆ ಹೆಜ್ಜೆ ಇಟ್ಟರು. ಪೀಪಿಯ ತೊಟ್ಟಿಲ ಹತ್ತಿರ ನಿಂತು "ಅಯ್ಯೋ ಕಣ್ಣು ನೋಡಿ" ಅಂದರು. ಕೈ ಚಾಚಿದ್ದೇ ತಡ, ಪೀಪಿ ಶುರು ಮಾಡಿದಳು ನೋಡಿ! ಆಕೆ ಬೆಚ್ಚಿ ಹಿಂದಕ್ಕೆ ಸರಿದರು. ಗಂಡ, "ಇದಕ್ಕೆ ಏನಾದ್ರೂ ಕಾಯಿಲೆ ಇದೆಯಾ?" ಅಂತ ಕೇಳಿದ. ಕೊನೆಗೆ ಅವರು ಒಪ್ಪಿದ್ದು ಬಾಗಿಲ ಹತ್ತಿರದ ಗಂಡುಕೂಸನ್ನು, ಬೆರಳು ನೋಡಿಕೊಳ್ಳುವವನನ್ನು. "ಎಷ್ಟು ಸಾಧು" ಅಂದರು.

ಅವರು ಹೋದ ಮೇಲೆ ಶಿಶುಗೃಹ ನೋಡಿಕೊಳ್ಳುವ ನಮ್ಮ ಮೇಡಂ ಕೋಣೆಗೆ ಬಂದರು. ಒಳ್ಳೆಯ ಹೆಂಗಸು, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. "ಒಂದೂವರೆ ವರ್ಷ ದಾಟಿದ್ರೆ ಕೇಳೋರು ಕಡಿಮೆ. ಎರಡು ದಾಟಿದ್ರೆ ಯಾರೂ ಇಲ್ಲ. ಹೀಗೆ ಅರಚೋ ಮಗುವನ್ನ ಯಾರು ಕರ್ಕೊಂಡು ಹೋಗ್ತಾರೆ ಹೇಳಿ? ನಿಮಗೆ ಅವಳ ಮೇಲೆ ನಿಜವಾಗಿ ಪ್ರೀತಿ ಇದ್ರೆ ಅವಳಿಗೆ ಒಂದು ಮನೆ ಸಿಗೋ ಹಾಗೆ ಮಾಡಿ."

ನನ್ನನ್ನೇ ನೋಡಿ ಹೇಳಿದರು. ಅಂದರೆ ನಾನು ಕದ್ದು ಎತ್ತಿಕೊಳ್ಳುವುದು ಅವರಿಗೆ ಗೊತ್ತಾಗಿದೆ.

ದಾರಿಯುದ್ದಕ್ಕೂ ಅದೇ ಯೋಚನೆ. ನನ್ನ ಸಮಾಧಾನಕ್ಕೆ ಅವಳನ್ನು ಎತ್ತಿಕೊಂಡು, ಅವಳಿಗೆ ಬರಬೇಕಾದ ಮನೆಯನ್ನು ನಾನೇ ತಪ್ಪಿಸುತ್ತಿದ್ದೇನಾ?

ಮಾರ್ಚ್ 24, ಸೋಮವಾರ

ಮನಸ್ಸು ಕಲ್ಲು ಮಾಡಿಕೊಂಡೆ. ಹಾಲು ಕೊಟ್ಟೆ, ಬಟ್ಟೆ ಬದಲಿಸಿದೆ, ಬೆನ್ನು ತಿರುಗಿಸಿದೆ. ಐವತ್ತು ನಿಮಿಷ ಅತ್ತಳು. ಒಗೆಯುವ ಕಲ್ಲಿನ ಹತ್ತಿರ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ನಿಂತೆ. ನೀರಿನ ಸದ್ದಿನಲ್ಲೂ ಕೇಳುತ್ತಿತ್ತು.

ದೊಡ್ಡಮ್ಮ ಬಂದು ಬೆನ್ನು ಸವರಿದರು. "ಮೊದಲ ವಾರ ಅಷ್ಟೇ ಕಷ್ಟ. ಅವಳಿಗಲ್ಲ, ನಿನಗೆ."

ಏಪ್ರಿಲ್ 2, ಬುಧವಾರ

ಹನ್ನೆರಡು ನಿಮಿಷ.

ಏಪ್ರಿಲ್ 11, ಶುಕ್ರವಾರ

ಪೀಪಿ ಇವತ್ತು ಅಳಲೇ ಇಲ್ಲ! ನಾನು ಹತ್ತಿರ ಹೋದಾಗ ಕೈಯನ್ನೂ ಎತ್ತಲಿಲ್ಲ. ಬಾಟಲಿ ಆನಿಸಿದರೆ ಕುಡಿದಳು, ತೆಗೆದರೆ ಬಿಟ್ಟಳು. ದಿನದ ಪುಸ್ತಕದಲ್ಲಿ ಹಾಲು, ನಿದ್ದೆ, ಸ್ವಭಾವ ಅಂತ ಸಾಲುಗಳಿವೆ. ಸ್ವಭಾವ ಅನ್ನುವ ಕಡೆ ಇಷ್ಟು ದಿನ 'ಹಠ' ಅಂತ ಬರೆಯುತ್ತಿದ್ದೆ. ಇವತ್ತು ದುಂಡಗೆ 'ಶಾಂತ' ಅಂತ ಬರೆದೆ. ಮೇಡಂ ನೋಡಿ, "ನಿಮ್ಮ ಕೈಗುಣ" ಅಂದರು. ದೊಡ್ಡಮ್ಮ ತಮ್ಮ ಡಬ್ಬಿಯಿಂದ ನನಗೆ ಎರಡು ತುತ್ತು ಜಾಸ್ತಿ ಹಾಕಿದರು.

ಈಗ ಕೋಣೆಯಲ್ಲಿ ಫ್ಯಾನ್ ತಿರುಗುವುದು ಕೇಳುತ್ತದೆ. ಕೆಲಸ ಸರಸರ ಸಾಗುತ್ತದೆ. ಮಧ್ಯಾಹ್ನ ಕೂತು ಟೀ ಕುಡಿಯಲು ಬಿಡುವು ಸಿಕ್ಕಿತು.

ಏಪ್ರಿಲ್ 27, ಭಾನುವಾರ

ರಜೆ. ಮನೆ ಗುಡಿಸುತ್ತಿದ್ದಾಗ ಮಗಳು ಅಂಗಡಿ ಮೆಟ್ಟಿಲಿಂದ ಬಿದ್ದು ಮಂಡಿ ತರಚಿಕೊಂಡಳು. ಮೊದಲಾಗಿದ್ದರೆ ಪೊರಕೆ ಬಿಸಾಕಿ ಓಡಿರುತ್ತಿದ್ದೆ. "ಎದ್ದೇಳು, ಏನೂ ಆಗಿಲ್ಲ" ಅಂದೆ. ಎದ್ದಳು. ತಾನೇ ನಲ್ಲಿ ಹತ್ತಿರ ಹೋಗಿ ಮಣ್ಣು ತೊಳೆದುಕೊಂಡು ಬಂದಳು. ತುಟಿ ನಡುಗುತ್ತಿತ್ತು. ನನ್ನ ಮುಂದೆ ನಿಂತು ಕೇಳಿದಳು:

"ಅಮ್ಮಾ, ನಾನು ಈಗ ಅಳ್ಬಹುದಾ?"

ನನಗೆ ನಗು ಬಂತು. "ಯಾಕೆ ಅಳ್ತೀಯ, ಜಾಣೆ" ಅಂದೆ. ಹೋಗಿ ಆಟಕ್ಕೆ ಕೂತಳು. ನಾಲ್ಕೇ ವರ್ಷಕ್ಕೆ ಎಷ್ಟು ಗಟ್ಟಿಯಾಗಿದ್ದಾಳೆ! ಇವರು ಮಾತ್ರ ಪಂಪ್ ಕೆಳಗಿಟ್ಟು ಎದ್ದು ಬಂದು ಅವಳನ್ನು ಹೆಗಲಿಗೆ ಹಾಕಿಕೊಂಡರು. ಸಂಜೆಯವರೆಗೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಗಂಡಸರಿಗೆ ಮಕ್ಕಳನ್ನು ತಲೆ ಮೇಲೆ ಕೂರಿಸಿಕೊಳ್ಳುವುದೊಂದು ಗೊತ್ತು.

ನಾಳೆ ದೊಡ್ಡಮ್ಮನಿಗೆ ಇದನ್ನು ಹೇಳಬೇಕು.

ಮೇ 8, ಗುರುವಾರ

ಪೀಪಿಗೆ ಮನೆ ಸಿಗುವ ಹಾಗಿದೆ!

ಬಂದವರು ಒಬ್ಬ ಶಾಲೆ ಮೇಷ್ಟ್ರು ಮತ್ತು ಅವರ ಹೆಂಡತಿ. ಪೀಪಿಗೆ ಹಳದಿ ಫ್ರಾಕು ಹಾಕಿ, ತಲೆ ಬಾಚಿ ಕೂರಿಸಿದ್ದೆ. ಕೂರಿಸಿದ ಜಾಗದಲ್ಲಿ ಕೂರಿಸಿದ ಹಾಗೇ ಇದ್ದಳು. ಈಗೀಗ ಅವಳಿಗೂ ಕೈ ತಿರುಗಿಸಿ ಬೆರಳು ನೋಡುವ ಆಟ ಬಂದಿದೆ. ಮೇಷ್ಟ್ರ ಹೆಂಡತಿ ಎತ್ತಿಕೊಂಡರೆ ಕೊಸರಾಡಲಿಲ್ಲ. ಇಳಿಸಿದರೆ ರಾಗ ತೆಗೆಯಲಿಲ್ಲ.

"ಎಂಥಾ ಒಳ್ಳೆ ಮಗು ರೀ" ಅಂದರು ಮೇಷ್ಟ್ರು.

ಆಕೆ ಬಗ್ಗಿ ನೋಡಿ, "ನನ್ನ ಮುಖಾನೇ ನೋಡ್ತಿಲ್ಲ ಅಲ್ವಾ?" ಅಂದರು. ಪೀಪಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡರು. ಕೈ ಬಿಟ್ಟ ತಕ್ಷಣ ಅವಳ ಮುಖ ಮೆಲ್ಲಗೆ ಫ್ಯಾನಿನ ಕಡೆ ವಾಲಿತು.

"ಹೊಸಬರು ಅಂತ ಸಂಕೋಚ" ಅಂತ ನಾನೇ ಮುಂದೆ ಬಿದ್ದು ಹೇಳಿದೆ. ಮೇಡಂ ತಲೆಯಾಡಿಸಿದರು. ಕಾಗದ ಪತ್ರ ಎಲ್ಲ ಆಗಿ ಕರೆದುಕೊಂಡು ಹೋಗಲು ಆರು ವಾರ ಬೇಕಂತೆ. ಹೊರಡುವಾಗ ಆಕೆ ಬಾಗಿಲಿಂದ ಎರಡು ಸಲ ಹಿಂತಿರುಗಿ ಕೈ ಬೀಸಿದರು. ಪೀಪಿ ಬೀಸಲಿಲ್ಲ. ನಾನು ಬೀಸಿದೆ.

ಮೇ 20, ಮಂಗಳವಾರ

ಬೆಳಿಗ್ಗೆ ಪೀಪಿಯ ತಲೆದಿಂಬಿನ ಬಟ್ಟೆ ಮೇಲೆ ಹಳದಿ ಕಲೆ. ಹಾಲು ಕಕ್ಕಿರಬೇಕು ಅಂತ ಬದಲಿಸಿದೆ. ಮೈ ಸ್ವಲ್ಪ ಬೆಚ್ಚಗಿತ್ತು, ಆದರೆ ಸೆಖೆಗೆ ಎಲ್ಲವೂ ಬೆಚ್ಚಗೇ ಇವೆ. ಅರ್ಧ ಬಾಟಲಿ ಕುಡಿದಳು. ಶಾಂತ.

ಮೇ 22, ಗುರುವಾರ

ತಿಂಗಳಿಗೊಮ್ಮೆ ಬರುವ ಡಾಕ್ಟರು ಇವತ್ತು ಬಂದಿದ್ದರು. ಒಂದರಿಂದ ಶುರು ಮಾಡಿ ಒಂಬತ್ತನೇ ತೊಟ್ಟಿಲಿಗೆ ಬಂದವರು ಅಲ್ಲೇ ನಿಂತರು. ಪೀಪಿಯ ಕೂದಲು ಸರಿಸಿದರು. ಎಡಗಿವಿಯ ಹಿಂದೆ ಕೆಂಪಗೆ ಊದಿ, ಕಿವಿ ಮುಂದಕ್ಕೆ ಬಾಗಿಕೊಂಡಿತ್ತು. ನಾನು ಎರಡು ದಿನ ಆ ತಲೆ ಒರೆಸಿದ್ದೇನೆ, ಬಾಚಿದ್ದೇನೆ. ಕಾಣಲೇ ಇಲ್ಲ. ಡಾಕ್ಟರು ಬೆರಳಿಂದ ಅಲ್ಲಿ ಒತ್ತಿದರು. ಪೀಪಿಯ ಕಣ್ಣು ಒಂದು ಸಲ ಅಗಲವಾಯಿತು. ಅಷ್ಟೇ.

"ಕಿವಿ ತಮಟೆ ಒಡೆದು ಕೀವು ಮೂಳೆಗೆ ಇಳಿದಿದೆ. ಈ ನೋವಿಗೆ ದೊಡ್ಡವರೇ ಗೋಡೆಗೆ ತಲೆ ಚಚ್ಕೋತಾರೆ. ಎಷ್ಟು ದಿನದಿಂದ ಅಳ್ತಿತ್ತು?"

"ಅಳ್ಲಿಲ್ಲ ಡಾಕ್ಟ್ರೇ."

"ಅಂದ್ರೆ?"

"ಅವಳು ಅಳಲ್ಲ. ಶಾಂತ ಸ್ವಭಾವ."

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಪೆನ್ನಿಗೆ ಕ್ಯಾಪ್ ಹಾಕಿ ಕೋಣೆಯನ್ನೊಮ್ಮೆ ಸುತ್ತ ನೋಡಿದರು, ಆ ತುದಿಯಿಂದ ಈ ತುದಿಗೆ. ಎಲ್ಲ ಕೂಸುಗಳೂ ಎಚ್ಚರವಾಗಿದ್ದವು. ಫ್ಯಾನ್ ತಿರುಗುತ್ತಿತ್ತು. ಯಾಕೆ ಹಾಗೆ ನೋಡಿದರೋ. ಅರ್ಧ ಗಂಟೆಯಲ್ಲಿ ಗಾಡಿ ಬಂದು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಯಿತು.

ಮೇ 23, ಶುಕ್ರವಾರ

ಮೇಡಂ ಕರೆಸಿದ್ದರು. ದಿನದ ಪುಸ್ತಕ ತೆರೆದಿಟ್ಟುಕೊಂಡಿದ್ದರು. "ನೀವು ದಿನಾ ಬರೆದಿದ್ದೀರ, ಒಳ್ಳೇದಾಯ್ತು. ಮೂರು ದಿನಾನೂ ಶಾಂತ ಅಂತಿದೆ. ಯಾರು ಕೇಳಿದ್ರೂ ಇದೇ ಉತ್ತರ. ಮಗು ಹೇಳದಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?"

ಹೌದಲ್ಲ. ಹೇಗೆ ಗೊತ್ತಾಗಬೇಕು?

ಜೂನ್ 3, ಮಂಗಳವಾರ

ಪೀಪಿಯನ್ನು ಆಸ್ಪತ್ರೆಯಿಂದ ಕರೆತರಲು ನನ್ನನ್ನೇ ಕಳಿಸಿದ್ದರು.

ನಮ್ಮ ಕಡೆಯಿಂದ ಒಬ್ಬಳು ದಿನಕ್ಕೆ ಎರಡು ಗಂಟೆ ಹೋಗಿ ಬರುತ್ತಿದ್ದಳು, ಮಿಕ್ಕ ಹೊತ್ತಿಗೆ ನರ್ಸುಗಳಿದ್ದರು ಅಂದುಕೊಂಡಿದ್ದೆ. ವಾರ್ಡಿಗೆ ಹೋಗಿ ನೋಡಿದರೆ ಹಾಸಿಗೆ ಖಾಲಿ. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ಹುಡುಗಿ. ಆ ಹುಡುಗಿಯ ಅಜ್ಜಿ, ಕಡ್ಡಿಯಂಥ ಹೆಂಗಸು, ಪೀಪಿಯನ್ನು ಸೊಂಟಕ್ಕೇರಿಸಿಕೊಂಡು ವರಾಂಡದಲ್ಲಿ ಅಡ್ಡಾಡುತ್ತಿದ್ದಳು. ಸೆರಗಿನ ತುದಿ ಪೀಪಿಯ ಬಾಯಲ್ಲಿ.

"ನೀನಾ ಇವಳನ್ನ ನೋಡ್ಕೊಳ್ಳೋಳು?" ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಅಳೆದಳು. "ಬಾ ಕೂತ್ಕೋ. ಈ ನಿಮ್ಮ ಕೂಸು ಬಂದಾಗ ನಾನು ಮೂಗಿ ಅಂದ್ಕೊಂಡಿದ್ದೆ ಕಣಮ್ಮ. ಸೂಜಿ ಚುಚ್ಚಿದ್ರೂ ಹೂಂ ಇಲ್ಲ, ಹಾಂ ಇಲ್ಲ. ನರ್ಸು ಧೈರ್ಯವಂತೆ ಅಂದ್ಳು. ನಾನು ಆರು ಹೆತ್ತವಳು, ನನಗೆ ಹೇಳ್ತಾಳೆ! ಧೈರ್ಯ ಅಲ್ಲ ಅದು, ಕರೆದ್ರೆ ಯಾರೂ ಬರಲ್ಲ ಅಂತ ಗೊತ್ತಾಗಿಬಿಟ್ಟಿದೆ ಅಂದೆ. ಎತ್ಕೊಂಡೆ. ನಾಲ್ಕು ದಿನ ಮರದ ಕೊರಡಿನ ಹಾಗಿದ್ಲು. ಐದನೇ ದಿನ ಸೂಜಿ ನೋಡಿ ಮುಖ ಸೊಟ್ಟ ಮಾಡಿದ್ಲು. ಎಂಟನೇ ದಿನ ಅತ್ಲು! ಇಡೀ ವಾರ್ಡಿಗೆ ಹೇಳ್ಕೊಂಡು ಬಂದೆ, ನಮ್ಮ ಹುಡುಗಿಗೆ ಬಾಯಿ ಬಂತು ಅಂತ."

ಹೇಳುತ್ತಾ ಹೇಳುತ್ತಾ ಅಜ್ಜಿಯ ಕಣ್ಣು ತುಂಬಿತು. ಹೊರಗಿನವರಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ನಾನು ಕೈ ಚಾಚಿದೆ. ಪೀಪಿ ನನ್ನನ್ನು ನೋಡಿದಳು, ನೇರವಾಗಿ, ಮುಖವನ್ನೇ. ಆಮೇಲೆ ಅಜ್ಜಿಯ ಕುತ್ತಿಗೆ ಬಿಗಿಯಾಗಿ ತಬ್ಬಿ ಶುರು ಮಾಡಿದಳು. ಅದೇ ಹಳೇ ಪೀಪಿ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಗಾಡಿಯಲ್ಲಿ ಇಡೀ ದಾರಿ ಅತ್ತಳು. ಒಂದು ಕಡೆ, ಒಂದೇ ಕ್ಷಣ, ನಾನೂ ಅವಳನ್ನು ಎದೆಗೆ ಒತ್ತಿಕೊಂಡೆ. ಕಿವಿ ವಾಸಿಯಾದ ಸಂತೋಷವಿರಬೇಕು.

ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. ಮೇಷ್ಟ್ರು ದಂಪತಿ ಹದಿನೆಂಟಕ್ಕೆ ಬರುತ್ತಾರಂತೆ. "ಹದಿನೈದು ದಿನ ಇದೆ. ನಿಮ್ಮ ಮೇಲೆ ಬಿಟ್ಟಿದ್ದೀನಿ."

ಜೂನ್ 4, ಬುಧವಾರ

ಎರಡು ಗಂಟೆ ಹತ್ತು ನಿಮಿಷ ಅತ್ತಳು. ಅಳುತ್ತಾ ಅಳುತ್ತಾ ವಾಂತಿ ಮಾಡಿಕೊಂಡಳು. ಒರೆಸಿ, ಬಟ್ಟೆ ಬದಲಿಸಿ, ಮತ್ತೆ ಮಲಗಿಸಿದೆ. ಬಾಗಿಲ ಹತ್ತಿರದ ಕೂಸೊಂದು ಕೇಳಿಸಿಕೊಂಡು ತಾನೂ ಕುಂಯ್‌ಗುಟ್ಟಿತು. ಅದಕ್ಕೇ ಪೀಪಿಯ ತೊಟ್ಟಿಲನ್ನು ಪಕ್ಕದ ಸಾಮಾನಿನ ಕೋಣೆಗೆ ತಳ್ಳಿಕೊಂಡು ಹೋದೆ. ಕಿಟಕಿ ಇದೆ, ಗಾಳಿಗೇನೂ ಕೊರತೆಯಿಲ್ಲ.

ಜೂನ್ 6, ಶುಕ್ರವಾರ

ಒಂದು ಗಂಟೆ ಇಪ್ಪತ್ತು ನಿಮಿಷ.

ಜೂನ್ 10, ಮಂಗಳವಾರ

ದೊಡ್ಡಮ್ಮನಿಗೆ ಏನಾಗಿದೆಯೋ ತಿಳಿಯದು. ಪೀಪಿಯ ಕಿವಿಯ ವಿಷಯ ಆದಾಗಿನಿಂದ ಮಂಕಾಗಿದ್ದಾರೆ. ಬಾಟಲಿ ಆನಿಸುವ ಬದಲು ಒಂದೊಂದನ್ನೇ ತೊಡೆ ಮೇಲೆ ಮಲಗಿಸಿಕೊಂಡು ಕುಡಿಸುತ್ತಾರೆ. ಹೀಗಾದರೆ ಕೆಲಸ ಮುಗಿದ ಹಾಗೇ. ಇವತ್ತು ಸಾಮಾನಿನ ಕೋಣೆಯ ಬಾಗಿಲಿಗೆ ಕೈ ಇಟ್ಟು ನಿಂತಿದ್ದರು. ಒಳಗಿಂದ ಪೀಪಿಯ ದನಿ.

"ಈ ಸಲ ಬಿಟ್ಬಿಡೋಣ್ವೇನೇ?" ಅಂದರು. "ಅಳ್ತಾ ಇದ್ರೆ ಅಳ್ತಾ ಹೋಗ್ಲಿ. ಬೇಕಾದ್ರೆ ಕರ್ಕೊಂಡು ಹೋಗ್ತಾರೆ, ಬೇಡದಿದ್ರೆ ಬಿಡ್ತಾರೆ."

"ಬಿಟ್ರೆ ಎರಡು ವರ್ಷ ದಾಟುತ್ತೆ ದೊಡ್ಡಮ್ಮ. ಆಮೇಲೆ ಯಾರು ಬರ್ತಾರೆ? ಕೈಗೆ ಅಭ್ಯಾಸ ಮಾಡ್ಸೋದು ಸುಲಭ ಅಂತ ನೀವೇ ತಾನೆ ಹೇಳ್ಕೊಟ್ಟಿದ್ದು?"

"ಹೇಳಿದ್ದೆ. ಹತ್ತೊಂಬತ್ತು ವರ್ಷ ಎಲ್ರಿಗೂ ಹೇಳಿದೀನಿ. ನನಗೆ ಯಾರೋ ಹೇಳಿದ್ರು, ನಾನೂ ಹೇಳಿದೆ." ಮುದುಕಿ ಬಾಗಿಲಿಂದ ಕೈ ತೆಗೆಯಲಿಲ್ಲ. "ಆ ಡಾಕ್ಟ್ರು ನೋಡಿದ್ರಲ್ಲ, ಆವತ್ತು..."

ಬಾಗಿಲ ಮೇಲಿನ ಅವರ ಕೈಯನ್ನು ನಾನೇ ಮೆತ್ತಗೆ ತೆಗೆದೆ. ಸುಸ್ತಾಗಿದೆ ಅವರಿಗೆ, ವಯಸ್ಸಾಯಿತು. ಮೇಡಂಗೆ ಹೇಳಿ ಅವರನ್ನು ಒಗೆಯುವ ಕಡೆಗೆ ಹಾಕಿಸಿದರೆ ಒಳ್ಳೆಯದು. ನೀರಿನ ಕೆಲಸ, ಆದರೆ ತಲೆಗೆ ಆರಾಮ.

ನಲವತ್ತು ನಿಮಿಷ.

ಜೂನ್ 13, ಶುಕ್ರವಾರ

ಇವರ ಜೊತೆ ಜಗಳ. ಮಗಳು ಹೋಗುವ ಶಿಶುವಿಹಾರದ ಟೀಚರು ಅಂಗಡಿಗೆ ಬಂದು ಹೇಳಿದರಂತೆ: ಮಗಳ ಬೆರಳು ಬಾಗಿಲಿಗೆ ಸಿಕ್ಕಿಕೊಂಡಿತ್ತಂತೆ, ಯಾರನ್ನೂ ಕರೆಯದೆ ಹಾಗೇ ನಿಂತಿದ್ದಳಂತೆ, ಬೇರೆ ಮಗು ನೋಡಿ ಹೇಳಿತಂತೆ. ಉಗುರು ಕಪ್ಪಗಾಗಿದೆ.

"ಯಾಕೆ ಕೂಗ್ಲಿಲ್ಲ ಅಂತ ಕೇಳಿದ್ರೆ ಏನಂದ್ಲು ಗೊತ್ತಾ? ಅಮ್ಮನಿಗೆ ಇಷ್ಟ ಇಲ್ಲ ಅಂದ್ಲು." ಇವರ ದನಿ ಒಡೆಯುತ್ತಿತ್ತು. "ಏನ್ ಕಲ್ತು ಬರ್ತಿದೀಯ ನೀನು ಅಲ್ಲಿ?"

"ಹದಿನಾಲ್ಕು ಕೂಸು ನೋಡ್ಕೊಳ್ಳೋ ಕಷ್ಟ ನಿಮಗೇನು ಗೊತ್ತು" ಅಂದೆ. ಇವರು ಮಗಳನ್ನೆತ್ತಿಕೊಂಡು ತಮ್ಮ ತಂಗಿಯ ಮನೆಗೆ ಹೋದರು. ನಾಲ್ಕು ದಿನ ಅಲ್ಲೇ ಇರಲಿ ಅಂದರು. ಇರಲಿ. ನನಗೂ ಈ ವಾರ ಪೀಪಿಯದೇ ಯೋಚನೆ.

ಹೋಗುವಾಗ ಮಗಳು ಹಿಂತಿರುಗಿ ನೋಡಲಿಲ್ಲ. ಹಠ ಮಾಡಲಿಲ್ಲ. ಮನೆಯಲ್ಲೀಗ ಸದ್ದೇ ಇಲ್ಲ.

ಜೂನ್ 17, ಮಂಗಳವಾರ

ನಾಳೆ ಮೇಷ್ಟ್ರು ದಂಪತಿ ಬರುತ್ತಾರೆ.

ಬೆಳಿಗ್ಗೆ ಆರು ನಿಮಿಷ ಅತ್ತಿದ್ದಳು. ಮಧ್ಯಾಹ್ನ ಹಳದಿ ಫ್ರಾಕಿಗೆ ಇಸ್ತ್ರಿ ಹಾಕಿದೆ. ಮೂರು ಗಂಟೆಗೆ ಅವಳನ್ನು ಸಾಮಾನಿನ ಕೋಣೆಯಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಗಡಿಯಾರ ನೋಡುವುದು ಈಗ ಅಭ್ಯಾಸವಾಗಿದೆ. ಒಂದು ಸಲ ಅತ್ತಳು. ಉದ್ದಕ್ಕೆ ಅಲ್ಲ, ಯಾರನ್ನೋ ಕರೆಯುವ ಹಾಗೆ. ಸ್ವಲ್ಪ ತಡೆದು ಇನ್ನೊಂದು ಸಲ. ಆಮೇಲೆ ನಿಂತಿತು.

ಅಬ್ಬ, ಮುಗಿಯಿತು ಅಂದುಕೊಂಡೆ. ಹೋಗಿ ಬಾಟಲಿ ತೊಳೆಯಬೇಕಿತ್ತು, ಕೆಲಸ ರಾಶಿ ಬಿದ್ದಿತ್ತು. ಕಾಲು ಯಾಕೋ ಅಲ್ಲೇ ನಿಂತಿತ್ತು. ಕೈ ಚಿಲಕದ ಮೇಲಿತ್ತು, ಯಾವಾಗ ಇಟ್ಟೆನೋ ಗೊತ್ತಿಲ್ಲ. ಬಾಗಿಲಿಗೆ ಕಿವಿ ಕೊಟ್ಟೆ. ಐದು ನಿಮಿಷ. ಹತ್ತು. ಮೂರೂವರೆ ಹೊಡೆಯಿತು.

ಇನ್ನೊಂದೇ ಒಂದು ಸಲ ಅತ್ತಿದ್ದರೆ ಒಳಗೆ ಹೋಗಿ ಎತ್ತಿಕೊಂಡುಬಿಡುತ್ತಿದ್ದೆನೇನೋ.

ಅಳಲಿಲ್ಲ. ಪುಸ್ತಕದಲ್ಲಿ ಶಾಂತ ಅಂತ ಬರೆದು ಬಂದೆ.